ಹೂಂಗುಟ್ಟಿದ ಫೋನು

ನನ್ನ ಓದು ಏಳನೇ ಕ್ಲಾಸಿಗೇ ನಿಂತಿತು. ಒಂದು ಕಡೆ ಕೂರುವುದು ನನ್ನ ಕೈಲಾಗದ ಕೆಲಸ. ಗುಬ್ಬಿಯ ನನ್ನ ಅಂಗಡಿಯಲ್ಲಿ ಮಿಕ್ಸಿಯನ್ನೂ ನಿಂತುಕೊಂಡೇ ರಿಪೇರಿ ಮಾಡುತ್ತೇನೆ. ಇಂಥವನು ತಂಗಿಯ ಸಂಶೋಧನೆಗೆ ನೆರವಾಗಲು ಹೊರಟೆ!

ತಂಗಿ ಸವಿತಾ ತುಮಕೂರಿನಲ್ಲಿ ಎಂಎ ಓದುತ್ತಾಳೆ. ಕಡಬದ ಹತ್ತಿರ, ನಮ್ಮ ಅಜ್ಜಿಯ ಊರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ಅದರ ಬಗ್ಗೆ ಅವಳು ಕಾಲೇಜಿನಲ್ಲಿ ಪ್ರಬಂಧ ಮಂಡಿಸಬೇಕಿತ್ತು. ಈಗ ಶಾಸನ, ಹಳೇ ಪುಸ್ತಕ ಎಲ್ಲವೂ ನೆಟ್ಟಿನಲ್ಲೇ ಸಿಗುತ್ತವಂತೆ. ಊರೂರಿನ ಪುರಾತನ ಕತೆಗಳಿಗೇ ಒಂದು ಸೈಟಿದೆ. ಅದರಲ್ಲಿ ನಮ್ಮ ಕಲ್ಲಿನ ಫೋಟೋ ಇತ್ತು; ಕೆಳಗೆ ‘ಕತೆ ಗೊತ್ತಿದ್ದವರು ಸೇರಿಸಿ’ ಎಂದು ಬರೆದಿತ್ತು.

“ಅಣ್ಣ, ಕತೆ ಗೊತ್ತಿರೋದು ಅಜ್ಜಿಗೊಬ್ಬಳಿಗೇ. ಹೋಗಿ ರೆಕಾರ್ಡ್ ಮಾಡ್ಕಂಡು ಬರ್ತೀಯಾ?”

“ಅಷ್ಟೇನಾ? ಬುಡು, ನಾನಿದೀನಿ!”

ಊರಿಗೆ ಹೋಗಿ, ಅಜ್ಜಿಯ ಮುಂದೆ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಕೂತೆ. ಅಜ್ಜಿಯದೊಂದು ಕಟ್ಟಳೆ. ಕೇಳುವವರು ಮಾತುಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಂತಿತು! ಅವಳು ಮಲಗಿದಲ್ಲೇ ಕಣ್ಣು ಮುಚ್ಚಿಕೊಂಡು ವೀರನ ಮುತ್ತಾತನ ಮದುವೆಯಿಂದ ಶುರು ಮಾಡಿದಳು. ವೀರ ಹುಟ್ಟುವುದರೊಳಗೆ ನನ್ನ ಕಾಲು ಜೋಮು ಹಿಡಿಯಿತು. ಆಗ ಹೊಳೆಯಿತು ಮಹೋಪಾಯ. ರೆಕಾರ್ಡಿಂಗ್ ನಿಲ್ಲಿಸಿ, ಅದರ ಬದಲು ನನ್ನ ಒಂದು ‘ಹೂಂ’ ಹಿಡಿದು, ಅದೇ ಮತ್ತೆ ಮತ್ತೆ ಕೇಳಿಸುವಂತೆ ಹಾಕಿ, ಫೋನನ್ನು ದಿಂಬಿನ ಪಕ್ಕ ಇಟ್ಟು ಟೀ ಅಂಗಡಿಗೆ ನಡೆದೆ.

ವಾಪಸು ಬಂದಾಗ ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಕತೆ ಮುಗಿದಿತ್ತು. ಫೋನು ಮಾತ್ರ ಇನ್ನೂ ಹೂಂ ಅನ್ನುತ್ತಿತ್ತು!

ಇನ್ನೊಮ್ಮೆ ಹೇಳು ಎನ್ನಲು ಯಾವ ಮುಖ? ಗುಬ್ಬಿಯ ಬಸ್ಸಿನಲ್ಲಿ ಕೂತು ನಾನೇ ಒಂದು ಕತೆ ಹೊಸೆದೆ. ವೀರ ಹಸಿಮೆಣಸಿನಕಾಯಿ ಕಚ್ಚಿಕೊಂಡು ಮುದ್ದೆ ಉಂಡು, ದನ ಕದಿಯಲು ಬಂದ ಕಳ್ಳರ ಮೇಲೆ ಬಿದ್ದು ಪ್ರಾಣ ಬಿಟ್ಟ. ಅದನ್ನು ಸೈಟಿಗೆ ಸೇರಿಸಿ, “ನೆಟ್ಟಲ್ಲೇ ಐತಲ್ಲಮ್ಮ, ನೋಡ್ಕೊ” ಎಂದು ತಂಗಿಗೆ ಹೇಳಿಬಿಟ್ಟೆ.

ಸ್ವಲ್ಪ ದಿನದಲ್ಲಿ ಅವಳ ಫೋನು. “ಅಣ್ಣ, ಇನ್ನೂ ಎರಡು ಸೈಟಲ್ಲಿ ಇದೇ ಕತೆ ಸಿಕ್ತು! ಆಧಾರ ಗಟ್ಟಿಯಾಯ್ತು.”

ನನ್ನ ಸುಳ್ಳನ್ನು ಯಾರೋ ಕದ್ದಿದ್ದರು! ಅಳಿಸಲು ಹೋದೆ. ‘ಕತೆ ಸುಳ್ಳೆಂಬುದಕ್ಕೆ ಆಧಾರ ಒದಗಿಸಿ’ ಎಂದಿತು ಸೈಟು. ಸೇರಿಸುವಾಗ ಏನೂ ಕೇಳಿರಲಿಲ್ಲ ಪುಣ್ಯಾತ್ಮ! ತಂಗಿಗೆ ಹೇಳೋಣವೆಂದು ಫೋನು ಎತ್ತುತ್ತಿದ್ದೆ, ಇಡುತ್ತಿದ್ದೆ. ಅಷ್ಟರಲ್ಲಿ ಅವಳು ಪ್ರಬಂಧ ಓದಿಯೇ ಬಿಟ್ಟಳು.

ಅವತ್ತೇ ಸಂಜೆ ಅಂಗಡಿಗೆ ಬಂದಳು. ಕಣ್ಣು ಕೆಂಪಾಗಿತ್ತು.

“ಮೆಣಸಿನಕಾಯಿ ಈ ದೇಶಕ್ಕೆ ಬಂದಿದ್ದೇ ಆ ಕಲ್ಲು ನಿಲ್ಸಿ ಎಷ್ಟೋ ಕಾಲ ಆದ್ಮೇಲಂತೆ. ಇಡೀ ಕ್ಲಾಸು ನಕ್ತು. ಮೇಷ್ಟ್ರು ಸೋಮವಾರ ಬೇರೆ ಬರ್ಕೊಂಡು ಬಾ ಅಂದವ್ರೆ. ಈ ಕತೆ ಬರ್ದೋನು ಯಾವನೋ, ನನ್ ಕೈಗೆ ಸಿಗ್ಬೇಕು!”

“ಸಿಕ್ಕವ್ನೆ ಕಣಮ್ಮ” ಎಂದೆ.

ಫೋನಿನ ಹೂಂ ಸಮೇತ ಎಲ್ಲ ಒಪ್ಪಿಕೊಂಡೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಇಬ್ಬರೂ ಅಜ್ಜಿಯ ಊರಿಗೆ ಹೊರಟಾಗ, ಬಸ್ಸಿನಲ್ಲಿ ಕಡಬದವರೆಗೂ ಕಿಟಕಿ ಕಡೆಯೇ ನೋಡುತ್ತಿದ್ದಳು. ಅಜ್ಜಿಯ ಮುಂದೆ ನಾನು ಕೈಕಟ್ಟಿಕೊಂಡು ನಿಂತೆ.

“ಅಜ್ಜಿ, ಆ ಕತೆ ಇನ್ನೊಂದ್ಸಲ...”

“ಸವಿತಾ, ನೀನು ಕೂತ್ಕೊ ಮಗ. ನೀನು ಆಚೆ ಇರು ಕಣ್ಲಾ. ನೀನು ಎದ್ದೋಗಿದ್ದು ಅವತ್ತೇ ನಂಗೆ ಗೊತ್ತಾಯ್ತು.”

“ಹೆಂಗಜ್ಜಿ?”

“ಕತೆ ಮಧ್ಯ ಗಂಟ್ಲು ಒಣಗಿ, ‘ಒಸಿ ನೀರು ಕೊಡ್ಲಾ’ ಅಂದೆ. ‘ಹೂಂ’ ಅಂತು. ಇನ್ನೊಂದ್ಸಲ ಕೇಳ್ದೆ. ಆಗ್ಲೂ ‘ಹೂಂ’. ನೀರು ಮಾತ್ರ ಬರ್ಲೇ ಇಲ್ಲ!”

ಸವಿತಾ ಹಿಂದಿನ ದಿನದಿಂದ ಬಿಗಿಹಿಡಿದಿದ್ದ ನಗು ಆಗ ಒಡೆಯಿತು. ನಾನು ಓಡಿಹೋಗಿ ಚೊಂಬು ತುಂಬಿಸಿ ತಂದಿಟ್ಟೆ. ಆಚೆ ಜಗಲಿಯಲ್ಲಿ ಕೂತೆ, ಏಳಲಿಲ್ಲ. ಒಳಗಿನಿಂದ ತಂಗಿಯ ಹೂಂ ಕೇಳಿಸುತ್ತಿತ್ತು.

ಈ ಮಹಾ ಸಂಶೋಧನೆಗೆ ನನ್ನ ಕೊಡುಗೆ ಇಷ್ಟೇ: ಒಂದು ಚೊಂಬು ನೀರು. ಅದೂ ತಡವಾಗಿ!