ಸಿಂಕಿನ ಕೊಳವೆಯವರು ಬಾಯಿ ಬಿಡುವ ವಿಚಾರವಾಗಿ

ಅಡುಗೆಮನೆಯ ಸಿಂಕಿನಡಿ ಸೊಂಟ ಬಗ್ಗಿಸಿ ನೆಲೆಸಿರುವ ಕೊಳವೆಯವರ ಸನ್ನಿಧಿಗೆ, ಮೊಣಕಾಲೂರಿ ಕುಳಿತ ಮನೆ ಯಜಮಾನನ ಸವಿನಯ ವಂದನೆಗಳು.

ಮಾನ್ಯರೇ,

ಹನ್ನೊಂದು ವರ್ಷ ಈ ಮನೆಯ ಎಂಜಲನ್ನು ತುಟಿ ಪಿಟಕ್ಕೆನ್ನದೆ ನುಂಗಿದ ತಾವು ಮೊನ್ನೆಯಿಂದ ಬಾಯಿ ಕಟ್ಟಿಕೊಂಡು ಕುಳಿತಿದ್ದೀರಿ. ಮೂವತ್ತು ವರ್ಷ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿದ್ದ ನನಗೆ ಇಷ್ಟು ನಿಶ್ಚಲವಾದ ಕಾರ್ಯವೈಖರಿ ಕಂಡು ಗೌರವವೇ ಮೂಡಿದೆ. ನಮ್ಮಲ್ಲಿ ಕಡತಗಳಾದರೂ ಆಗೊಮ್ಮೆ ಈಗೊಮ್ಮೆ ಅಲುಗುತ್ತಿದ್ದವು.

ತಮ್ಮ ಗಂಟಲಲ್ಲಿ ಏನಿದೆಯೆಂಬುದು ನಮ್ಮಿಬ್ಬರಿಗೇ ಗೊತ್ತು. ವೈದ್ಯರು ನನ್ನ ಹೃದಯಕ್ಕೆಂದು ಬರೆದುಕೊಟ್ಟ ಓಟ್ಸ್ ಗಂಜಿಯನ್ನು, ಹೆಂಡತಿ ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ, ಆರು ತಿಂಗಳಿಂದ ತಮಗೇ ಉಣಿಸುತ್ತಾ ಬಂದಿದ್ದೇನೆ. "ನಮ್ಮೋರು ಬಟ್ಟಲು ತೊಳೆದಿಟ್ಟ ಹಾಗೆ ತಿಂತಾರೆ" ಎಂದು ಅವಳು ತನ್ನ ಅಕ್ಕನ ಹತ್ತಿರ ಹೊಗಳುವುದನ್ನು ತಾವೂ ಕೇಳಿದ್ದೀರಿ. ಈಗ ಪ್ಲಂಬರನನ್ನು ಕರೆಸಿ ತಮ್ಮ ಸೊಂಟದ ಬಾಗನ್ನು ಬಿಚ್ಚಿಸುವ ಮಾತು ಎದ್ದಿದೆ. ಬಿಚ್ಚಿದರೆ ಗಂಜಿಯ ಜೊತೆ ನನ್ನ ಮಾನವೂ ಬಕೆಟ್ಟಿಗೆ ಬೀಳುತ್ತದೆ. ನನಗೆ ನಿಜಕ್ಕೂ ಭಯವಾಗಿದೆ.

ಆದುದರಿಂದ ನಿಂತ ಕಾಲಲ್ಲೇ ಪರಿಸರಪ್ರೇಮಿಯಾಗಿ, ಆ್ಯಸಿಡ್ಡೂ ಬೇಡ, ಪ್ಲಂಬರೂ ಬೇಡ, ವಿಷವಿಲ್ಲದ ದಾರಿಯಲ್ಲೇ ಸರಿಪಡಿಸುತ್ತೇನೆ ಎಂದು ಭಾಷಣ ಬಿಗಿದೆ. "ಹಾಗಾದ್ರೆ ಸೋಡಾ ಹಾಕಿ, ಮೇಲೆ ವಿನೆಗರ್ ಹುಯ್ಯಿರಿ. ನಾಳೆವರೆಗೆ ನೋಡ್ತೀನಿ" ಎಂದಳು ಹೆಂಡತಿ. ನಾನು ಅಂಗಡಿಗೆ ಓಡಿ, ತಣ್ಣಗಿನ ಎರಡು ಬಾಟಲಿ ಸೋಡಾ ತಂದು ತಮಗೆ ಕುಡಿಸಿದೆ. ತಾವು ಸಂಕೋಚವಿಲ್ಲದೆ ಕುಡಿದು, ಒಂದು ತೇಗು ತೇಗಿ, ಮತ್ತೆ ಮೌನವಾದಿರಿ. ಅವಳು ಹೇಳಿದ್ದು ಅಡುಗೆ ಸೋಡಾ ಎಂದು ತಿಳಿದದ್ದು, ಖಾಲಿ ಬಾಟಲಿ ಕಂಡು ಮಗಳು ಬಿದ್ದು ಬಿದ್ದು ನಕ್ಕಾಗ.

ಕೋರಿಕೆ ಇಷ್ಟೇ: ನೀರು ಬಂದಾಗ ದಯವಿಟ್ಟು ಬಾಯಿ ಬಿಡಿ, ಹೆಂಡತಿ ಬಂದಾಗ ದಯವಿಟ್ಟು ಬಾಯಿ ಬಿಡಬೇಡಿ. ಬಾಯಿ ತೆರೆದೂ ಏನನ್ನೂ ಹೇಳದಿರುವುದು ಅಸಾಧ್ಯವೇನಲ್ಲ. ದೂರು ವಿಭಾಗದಲ್ಲಿ ನಾನು ಮೂವತ್ತು ವರ್ಷ ಮಾಡಿದ್ದು ಅದನ್ನೇ. ನನ್ನ ತಪ್ಪನ್ನೂ ಗಂಜಿಯನ್ನೂ ಒಟ್ಟಿಗೆ ಹೊಟ್ಟೆಗೆ ಹಾಕಿಕೊಳ್ಳಬೇಕಾಗಿ ಪ್ರಾರ್ಥನೆ.

ತಮ್ಮ ಗಂಟಲನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಬಟ್ಟಲು ಖಾಲಿ ಮಾಡುವವ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಹೆಂಡತಿಯೇ ಬಂದು ಅಡುಗೆ ಸೋಡಾ ಉದುರಿಸಿ, ವಿನೆಗರ್ ಹುಯ್ದು, ಕಾಲು ಗಂಟೆ ಬಿಟ್ಟು ಬಿಸಿನೀರು ಸುರಿದು, ಕೋಲಿಗೆ ಸಿಕ್ಕಿಸಿದ ರಬ್ಬರ್ ಬಟ್ಟಲಿನಿಂದ ನಾಲ್ಕು ಸಲ ಒತ್ತಿದಳು. ತಾವು ನೀರಿಗೆ ದಾರಿ ಬಿಟ್ಟಿರಿ, ಸಂತೋಷ. ಆದರೆ ಅದಕ್ಕೂ ಮೊದಲು ಮುಷ್ಟಿಯಷ್ಟು ಗಂಜಿಯನ್ನು ಅವಳೆದುರೇ ಕಕ್ಕುವ ಅಗತ್ಯವಿರಲಿಲ್ಲ. ಅವಳು ಬೈಯಲಿಲ್ಲ. ಹೊಸದಾಗಿ ಒಂದು ಬಟ್ಟಲು ಗಂಜಿ ಕಾಯಿಸಿ ತಂದು, ಚಮಚ ಹಿಡಿದು ಕುಳಿತು, "ಬಾಯಿ ಬಿಡಿ" ಎನ್ನುತ್ತಿದ್ದಾಳೆ. ಈ ಸಲ ತಮಗಲ್ಲ.