ಟೀ ಅಂಗಡಿಯಲ್ಲಿ ಬಚ್ಚಿಟ್ಟ ಹಡಗು

ಆ ಭಾನುವಾರ ಮಧ್ಯಾಹ್ನ ಟೀ ಅಂಗಡಿಯ ಸೆನ್ ಬಾಯಿ ಮುಚ್ಚಿಕೊಂಡಿದ್ದರೆ ತ್ವಾನ್‌ನ ಹೆಸರು ಇಷ್ಟು ಹೊತ್ತಿಗೆ ಪ್ರದರ್ಶನದ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಅಚ್ಚಾಗಿ ಕೂತಿರುತ್ತಿತ್ತು. ಆದರೆ ಓಣಿಯ ಬಾಯಲ್ಲಿ ಟೀ ಮಾರುವವರು ಬಾಯಿ ಮುಚ್ಚಿಕೊಂಡರೆ ವ್ಯಾಪಾರ ಹೇಗೆ ನಡೆದೀತು? ಅವಳು ಕೇಳಿದ್ದು ಒಂದೇ ಮಾತು.

"ಅಣ್ಣ, ಇದು ಓಡುತ್ತಾ?"

ಇದು ಎಂದರೆ ತಗಡಿನ ಹಡಗು. ಗೇಣುದ್ದ ಮೈ, ಕೆಂಪು ಬಣ್ಣ, ಸೊಂಟಕ್ಕೊಂದು ನೀಲಿ ಪಟ್ಟಿ, ಬೆರಳಿನಷ್ಟು ಹೊಗೆಕೊಳವೆ. ಒಳಗಿನ ಪುಟ್ಟ ಬತ್ತಿಗೆ ಎಣ್ಣೆ ಹಾಕಿ ಹಚ್ಚಿದರೆ, ಕೊಳವೆಯ ನೀರು ಕಾದು ಪುಟುಪುಟು ಎನ್ನುತ್ತಾ ಮುಂದಕ್ಕೆ ಹೋಗುವ ಜಾತಿಯದು. ತ್ವಾನ್ ಚಿಕ್ಕವನಾಗಿದ್ದಾಗ ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಹನೋಯಿಯ ಮಕ್ಕಳೆಲ್ಲ ಇದಕ್ಕೇ ಹಟ ಹಿಡಿಯುತ್ತಿದ್ದರು. ಸೈಕಲ್ ರಿಕ್ಷಾ ತುಳಿಯುತ್ತಿದ್ದ ಅವನಪ್ಪ ಮಾತ್ರ ಬರುವ ವರ್ಷ, ಬರುವ ವರ್ಷ ಎಂದೇ ಕಾಲ ಕಳೆದಿದ್ದ. ಆ ಬರುವ ವರ್ಷ ಬಂದದ್ದು ತ್ವಾನ್‌ಗೆ ಅರವತ್ತೆರಡು ತುಂಬಿದ ಮೇಲೆ. ತಗಡಿನವರ ಬೀದಿಯಲ್ಲಿ ಒಂದು ಹಳೆ ಮನೆ ಕೆಡವುತ್ತಿದ್ದರು. ಅದರ ಅಟ್ಟದಿಂದ ಇಳಿದು ಬಂದ ಹಡಗನ್ನು ಅವನು ಎದೆಗವಚಿಕೊಂಡು ಬಂದ.

ಬಂದದ್ದು ಮನೆಗಲ್ಲ. ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಮೇಲೆ ಅವನಿಗೆ ಮಕ್ಕಳ ಹಳೆ ಆಟಿಕೆ ಕೂಡಿಸುವ ಹುಚ್ಚು ಹತ್ತಿತ್ತು. ಡೋಲು ಬಡಿಯುವ ತಗಡಿನ ಮೊಲ, ಒಂದು ಕಣ್ಣಿನ ಗೊಂಬೆ, ದನಿ ಸತ್ತ ಪೀಪಿ, ಎಲ್ಲ ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಹೋದ ಹೊಸ ವರ್ಷದ ಹಿಂದಿನ ದಿನ ಆ ಹಲಗೆ ಮುರಿದು ನೇರವಾಗಿ ಹುದುಗಿಸಿಟ್ಟ ಮೀನಿನ ಸಾರದ ಜಾಡಿಯ ಮೇಲೆ ಬಿತ್ತು. ಮೂರು ತಿಂಗಳು ಮನೆ ನಾರಿತು. ಹೆಂಡತಿ ಲಿಯೂ ಜಗಳವಾಡಲಿಲ್ಲ. ಸುಮ್ಮನೆ ಅವನನ್ನು ಗತಿಸಿದ ಹಿರಿಯರ ಪೀಠದ ಮುಂದೆ ನಿಲ್ಲಿಸಿ, ಕೈಗೆ ಊದುಬತ್ತಿ ಕೊಟ್ಟು, ಇನ್ನು ಮೇಲೆ ಹಳೆ ಆಟಿಕೆ ಒಂದನ್ನೂ ಮನೆಯೊಳಗೆ ತರುವುದಿಲ್ಲ ಎಂದು ಹೇಳಿಸಿದಳು. ತ್ವಾನ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ಹಡಗು ಸೆನ್‌ಳ ಟೀ ಅಂಗಡಿಯ ಬೆಂಚಿನ ಕೆಳಗೆ ಸೇರಿತು.

ಹಬ್ಬಕ್ಕೆ ಬಡಾವಣೆಯ ವಾಚನಾಲಯದಲ್ಲಿ ಹಳೆ ಆಟಿಕೆಗಳ ಪ್ರದರ್ಶನವಿತ್ತು. ಅದನ್ನು ನಡೆಸುವ ದಿಯೆಪ್ ಎಂಬ ಹುಡುಗಿ ಅಂದು ನಾಲ್ಕು ಗಂಟೆಗೆ ಬಂದು ಹಡಗು ನೋಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಳು. ಪ್ರತಿ ಆಟಿಕೆಯ ಪಕ್ಕದಲ್ಲಿ ಕೊಟ್ಟವರ ಹೆಸರು ಅಚ್ಚು ಹಾಕಿಸುತ್ತಾರಂತೆ. ಹೆಸರು ಅಚ್ಚಾದ ಗಂಡನನ್ನು ಯಾವ ಹೆಂಡತಿ ಬೈದಾಳು ಎಂಬುದು ತ್ವಾನ್‌ನ ಲೆಕ್ಕ. ಸಾಲದ್ದಕ್ಕೆ ಲಿಯೂ ನದಿಯಾಚೆಯ ತಂಗಿಯ ಮನೆಗೆ ಹೋಗಿದ್ದಳು. ಬರುವುದು ಸಂಜೆಗೇ.

ಸೆನ್‌ಳ ಪ್ರಶ್ನೆಗೆ ತ್ವಾನ್ ಉತ್ತರ ಕೊಡುವ ಮೊದಲೇ ಎದುರು ಮನೆಯ ಬಾಂಗ್ ಕೊಟ್ಟ. ಕೆಂಪು ನದಿಯ ದೋಣಿಗಳಲ್ಲಿ ಇಂಜಿನ್ ಮೆಕ್ಯಾನಿಕ್ ಆಗಿದ್ದವನು ಅವನು. ನೀರಿನ ಮೇಲೆ ತೇಲುವ ಯಾವುದರ ಬಗ್ಗೆಯಾದರೂ ಕೊನೆಯ ಮಾತು ತನ್ನದೇ ಎಂದು ತಿಳಿದಿದ್ದ.

"ಓಡೋದೆಲ್ಲಿ ಬಂತು. ಬೆಸುಗೆ ಬಿಟ್ಟಿದೆ ನೋಡು. ನೀರಿಗಿಟ್ಟರೆ ಕಲ್ಲುಗುಂಡಿನ ಥರ ಮುಳುಗುತ್ತೆ."

ಹಳೆ ಆಟಿಕೆಯನ್ನು ಓಡಿಸಬಾರದು, ನೋಡಬೇಕು ಅಷ್ಟೆ ಎಂದು ತ್ವಾನ್ ವಿವರಿಸಿದ. ಓಡದ್ದಕ್ಕೆ ಹಾಗೇ ಹೇಳಬೇಕು ಎಂದ ಬಾಂಗ್. ಟೀ ಕುಡಿಯುತ್ತಿದ್ದ ನಾಲ್ಕು ಜನ ನಕ್ಕರು. ಆ ನಗು ತ್ವಾನ್‌ಗೆ ಮೆಣಸಿನಕಾಯಿ ಕಚ್ಚಿದಂತಾಯಿತು. ಸೆನ್ ಸೊಪ್ಪು ತೊಳೆಯುವ ಬೋಗುಣಿಗೆ ನೀರು ತುಂಬಿದಳು. ಬತ್ತಿ ಹಚ್ಚಿದರು. ಹಡಗು ಒಮ್ಮೆ ಕೆಮ್ಮಿತು, ಎರಡು ಸಲ ಸೀನಿತು, ಆಮೇಲೆ ಪುಟುಪುಟು ಎಂದು ಬೋಗುಣಿಯನ್ನು ಮೂರು ಸುತ್ತು ಹಾಕಿತು. ತ್ವಾನ್‌ನ ಕಣ್ಣು ತುಂಬಿ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಬೋಗುಣೀಲಿ ಹುಳಾನೂ ಸುತ್ತುತ್ತೆ," ಎಂದ ಬಾಂಗ್. "ಹಡಗು ಅಂದಮೇಲೆ ಕೆರೇಲಿ ಹೋಗಿ ತೋರಿಸಲಿ."

ಹತ್ತು ನಿಮಿಷಕ್ಕೆ ಅರ್ಧ ಓಣಿ ತ್ರುಕ್ ಬಾಕ್ ಕೆರೆಯ ದಂಡೆಯ ಮೇಲಿತ್ತು. ತ್ವಾನ್ ಹುಷಾರಿನವನು, ಹಡಗಿನ ಹಿಂಬದಿಗೆ ಉದ್ದನೆಯ ದಾರ ಕಟ್ಟಬೇಕೆಂದ. ಗಂಟು ಹಾಕುವುದು ತನ್ನ ಕಸುಬು ಎಂದು ಬಾಂಗ್ ದಾರ ಕಿತ್ತುಕೊಂಡ. ನಿಜಕ್ಕೂ ಆ ಗಂಟಿಗೆ ಆನೆಯನ್ನು ಕಟ್ಟಬಹುದಿತ್ತು. ಆದರೆ ದಾರವನ್ನು ಅವನು ಎಳೆದದ್ದು ಬತ್ತಿಯ ಉರಿಯ ಮೇಲಿನಿಂದ. ಹಡಗು ಹತ್ತು ಮಾರು ಹೋಯಿತು, ಜನ ಚಪ್ಪಾಳೆ ತಟ್ಟಿದರು, ತ್ವಾನ್‌ನ ಕೈಯಲ್ಲಿದ್ದ ದಾರ ಒಮ್ಮೆಲೇ ಸಡಿಲಾಯಿತು. ಎಳೆದುಕೊಂಡರೆ ಸುಟ್ಟ ತುದಿ ಬಂತು.

ಹಡಗು ಹಿಂದಿರುಗಿ ನೋಡದೆ ಕೆರೆಯ ನಡುವಿಗೆ ಹೊರಟಿತು.

ಆಮೇಲಿನ ಎರಡು ಗಂಟೆ ತ್ವಾನ್ ಬದುಕಿನಲ್ಲಿ ಮರೆಯುವಂತಿಲ್ಲ. ಗಾಳ ಹಾಕುತ್ತಿದ್ದ ಒಬ್ಬ ಮುದುಕ ಪರೋಪಕಾರಕ್ಕೆಂದು ಗಾಳ ಬೀಸಿ ತ್ವಾನ್‌ನ ಟೋಪಿ ಹಿಡಿದ. ಕಾಲಲ್ಲಿ ತುಳಿಯುವ ಹಂಸದ ದೋಣಿಯನ್ನು ಬಾಡಿಗೆಗೆ ತೆಗೆದುಕೊಂಡು ತ್ವಾನ್ ಮತ್ತು ಬಾಂಗ್ ಬೆನ್ನಟ್ಟಿದರು. ಇವರು ಹತ್ತಿರ ಹೋದಷ್ಟೂ ಹಂಸ ಎಬ್ಬಿಸಿದ ಅಲೆ ಹಡಗನ್ನು ದೂರ ನೂಕಿತು. ಹೊಸ ಸೊಸೆಯ ಹಿಂದೆ ಬಿದ್ದ ಅತ್ತೆಯಂತಾಯಿತು ಹಂಸದ ಪಾಡು. ಕೊನೆಗೆ ತ್ವಾನ್ ಹಂಸದ ಕುತ್ತಿಗೆ ತಬ್ಬಿಕೊಂಡು ಕೈ ಚಾಚಿದ. ಬಾಂಗ್ ಸರಿಯಾಗಿ ಆಗಲೇ ಚುಕ್ಕಾಣಿ ತಿರುಗಿಸಿದ. ತ್ವಾನ್ ನೀರಲ್ಲಿದ್ದ. ಎದ್ದು ಉಸಿರು ಬಿಡುವ ಹೊತ್ತಿಗೆ ಹಡಗು ತಿರುವು ದಾಟಿ ಕಣ್ಮರೆಯಾಗಿತ್ತು.

ಒದ್ದೆ ಬಟ್ಟೆಯಲ್ಲಿ ಓಣಿಗೆ ವಾಪಸು ಬಂದಾಗ ನಾಲ್ಕಕ್ಕೆ ಐದು ನಿಮಿಷ. ಟೀ ಅಂಗಡಿಯ ಪುಟ್ಟ ಸ್ಟೂಲಿನ ಮೇಲೆ ಲಿಯೂ ಕೂತಿದ್ದಳು. ತಂಗಿ ಹೇಳದೇ ಕೇಳದೇ ಯಾರದೋ ಮದುವೆಗೆ ಹೋಗಿದ್ದಳಂತೆ. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇದೇನು ಅವತಾರ ಎಂದು ಕೇಳಿದಳು. ತ್ವಾನ್‌ನ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಸೆನ್ ಒಳ್ಳೆಯ ಹೆಂಗಸು, ಕೈಬಿಡಲಿಲ್ಲ.

"ಬಾಂಗ್ ಅಣ್ಣನ ಹಡಗು ಕೆರೇಲಿ ಹೋಗಿಬಿಡ್ತು ಅಕ್ಕ. ಪಾಪ, ಇವ್ರು ಹುಡುಕಿಕೊಡೋಕೆ ಇಳಿದಿದ್ರು."

ಅಷ್ಟರಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಇಳಿದವಳು ದಿಯೆಪ್. ಕೈಯಲ್ಲಿ ಹಡಗು. ಬರುವ ದಾರಿಯಲ್ಲಿ ಕೆರೆಯ ಮೆಟ್ಟಿಲಿಗೆ ತಾನಾಗಿ ಬಂದು ತಗುಲಿತಂತೆ, ಬತ್ತಿ ಇನ್ನೂ ಬೆಚ್ಚಗಿತ್ತಂತೆ. ಇಷ್ಟು ಹಳೆಯದಾಗಿಯೂ ಓಡುವ ಹಡಗನ್ನು ತಾನು ಕಂಡೇ ಇಲ್ಲ, ಪ್ರದರ್ಶನದ ಬಾಗಿಲಲ್ಲೇ ಇಡುತ್ತೇನೆ, ಇದು ಯಾರದು ಎಂದು ಕೇಳಿದಳು.

ಓಣಿಯೆಲ್ಲ ತ್ವಾನ್‌ನನ್ನು ನೋಡಿತು. ತ್ವಾನ್ ಲಿಯೂಳನ್ನು ನೋಡಿದ.

"ಬಾಂಗ್‌ದು," ಎಂದ.

"ಫೋನ್ ಮಾಡಿದ್ದ ತ್ವಾನ್ ಅನ್ನೋರು?"

"ನಾನೇ. ಇವನ ಪರವಾಗಿ ಮಾಡಿದ್ದೆ."

ಬಾಂಗ್‌ಗೆ ಮಧ್ಯಾಹ್ನದಿಂದ ಮಾಡಿದ ಎಡವಟ್ಟುಗಳಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಅವಕಾಶ ಸಿಕ್ಕಿತು. ಗೆಳೆಯನನ್ನು ಉಳಿಸಲು ಎದೆ ಸೆಟೆಸಿ, ಹೌದು ನಂದೇ, ನಮ್ಮಪ್ಪ ಕೊಡಿಸಿದ್ದು ಎಂದ. ಯಾವ ಹಬ್ಬಕ್ಕೆ, ಅಂದು ಎಂಥ ಚಳಿಯಿತ್ತು, ಅಪ್ಪ ಯಾವ ಅಂಗಿ ತೊಟ್ಟಿದ್ದ, ಎಲ್ಲ ಹೇಳಿದ. ದಿಯೆಪ್ ಪೂರ್ತಿ ಬರೆದುಕೊಂಡಳು.

ಲಿಯೂ ಮಾತ್ರ ಹಡಗನ್ನು ಕೈಗೆ ತೆಗೆದುಕೊಂಡು ಅದರ ನೀಲಿ ಪಟ್ಟಿ ಸವರಿದಳು. ಯುದ್ಧದಲ್ಲಿ ಬಾಂಬು ಬೀಳುತ್ತಿದ್ದ ಕಾಲದಲ್ಲಿ ಪಟ್ಟಣದ ಮಕ್ಕಳನ್ನೆಲ್ಲ ಹಳ್ಳಿಗೆ ಕಳಿಸುವಾಗ ಅವಳಣ್ಣ ಇಂಥದ್ದನ್ನೇ ಮನೆಯಲ್ಲಿ ಬಿಟ್ಟು ಹೋಗಿದ್ದನಂತೆ. ವಾಪಸು ಬಂದಾಗ ಮನೆಯೂ ಇರಲಿಲ್ಲ, ಹಡಗೂ ಇರಲಿಲ್ಲ. ನಲವತ್ತು ವರ್ಷದ ದಾಂಪತ್ಯದಲ್ಲಿ ತ್ವಾನ್ ಈ ಮಾತು ಕೇಳಿದ್ದು ಅದೇ ಮೊದಲು.

"ನೀವು ತರೋದೆಲ್ಲ ಕುಂಟು ಕುರುಡು," ಎಂದಳು ಅವಳು ಮೂಗೊರೆಸಿಕೊಳ್ಳುತ್ತಾ. "ಇಂಥದ್ದೊಂದು ತಂದಿದ್ದರೆ ನಾನು ಬೇಡ ಅಂತಿದ್ನಾ? ಹಿರಿಯರ ಪೀಠದ ಪಕ್ಕದಲ್ಲೇ ಜಾಗ ಮಾಡಿ ಕೊಡ್ತಿದ್ದೆ."

ತ್ವಾನ್ ಬಾಯಿ ತೆರೆದ. ಮಾತು ಹೊರಡುವ ಮೊದಲು ದಿಯೆಪ್ ಹಡಗನ್ನು ಬಟ್ಟೆಯಲ್ಲಿ ಸುತ್ತಿ ಸ್ಕೂಟರ್ ಹತ್ತಿ ಹೊರಟೇಬಿಟ್ಟಳು. ಲಿಯೂ ಬಾಂಗ್ ಕಡೆ ತಿರುಗಿ, ಪ್ರದರ್ಶನ ಮುಗಿದ ಮೇಲೆ ಅದನ್ನು ನಮಗೆ ಮಾರುತ್ತೀರಾ, ನೀವು ಹೇಳಿದ್ದೇ ಬೆಲೆ ಎಂದು ಕೇಳಿದಳು.

ತ್ವಾನ್ ಆಸೆಯಿಂದ ಬಾಂಗ್‌ನ ಮುಖ ನೋಡಿದ. ಬಾಂಗ್‌ನ ಕಣ್ಣಲ್ಲಿ ನೀರಾಡುತ್ತಿತ್ತು. ಅದು ನಟನೆಯ ನೀರಲ್ಲ, ತಾನೇ ಕಟ್ಟಿದ ಕಥೆ ಅವನಿಗೇ ನಿಜವಾಗಿಬಿಟ್ಟಿತ್ತು.

"ಇನ್ನೇನಾದ್ರೂ ಕೇಳಿ, ಕೊಡ್ತೀನಿ," ಎಂದ ಅವನು. "ಅದು ನಮ್ಮಪ್ಪನ ನೆನಪು ತಾಯಿ. ಹೇಗೆ ಕೊಡಲಿ?"