ಹನ್ನೊಂದನೇ ಮುಂಗುಸಿ

ಕಳಸದ ಬಸ್ ಸ್ಟ್ಯಾಂಡಿನ ಹಿಂದೆ ಟೈಲರ್ ತಯ್ಯಬ್‌ನ ಅಂಗಡಿ. ಅದರ ಬಾಗಿಲ ಪಕ್ಕ ಒಂದು ಮೊಳೆ. ಆ ಮೊಳೆಗೆ ಸಿಕ್ಕಿಸಿದ ಪೇಪರ್ ಕಟಿಂಗ್ ಯಾರದ್ದೂ ಅಲ್ಲ, ಎಲ್ಲರದ್ದೂ. ಕಾಲರು, ತೋಳು, ಮಗುವಿನ ಫ್ರಾಕು ಎಂದು ಹಳೆಯ ದಿನಪತ್ರಿಕೆಯಲ್ಲಿ ಕತ್ತರಿಸಿದ ಅಳತೆಗಳು ಊರಿನ ಹೊಲಿಗೆ ಮೆಷಿನ್ನುಗಳ ನಡುವೆ ಕರಿಬೇವಿನ ಸೊಪ್ಪಿನಷ್ಟು ಸಲೀಸಾಗಿ ಓಡಾಡುತ್ತಿದ್ದವು. ಕೇಳಿ ಒಯ್ಯುವ ಪದ್ಧತಿ ಇರಲಿಲ್ಲ. ಒಯ್ದದ್ದು ಮಜ್ಜಿಗೆ ಕಲೆಯೊಂದಿಗೆ ಯಾವತ್ತಾದರೂ ವಾಪಸು ಬರುತ್ತಿತ್ತು. ತಯ್ಯಬ್ ಕೂಡ ಅರ್ಧ ಕಸುಬು ಕಲಿತದ್ದು ಹೀಗೆ ಊರವರ ಕಾಗದ ಎತ್ತಿಕೊಂಡು ಬಂದೇ.

ಆದರೆ ಬುಧವಾರ ಬೆಳಿಗ್ಗೆ ಮುಂಗುಸಿ ಗೊಂಬೆಗೆ ಮೀಸೆಯ ಕೊನೆಯ ಎಳೆ ಹೊಲಿದು ತಲೆ ಎತ್ತಿದಾಗ ಮೊಳೆ ಖಾಲಿ ಇರುವುದನ್ನು ಕಂಡು ಅವನು ಸೂಜಿ ಬಿಟ್ಟು ಎದ್ದು ನಿಂತ. ಸೋಮವಾರ ಬಟ್ಟೆ ಕತ್ತರಿಸಿದವನು ಕೈಯ ಅಭ್ಯಾಸಕ್ಕೆ ಮುಂಗುಸಿಯ ಕಾಗದವನ್ನೂ ಅಲ್ಲೇ ಸಿಕ್ಕಿಸಿದ್ದ.

ಅದು ಸಾಮಾನ್ಯ ಮುಂಗುಸಿಯಲ್ಲ. ಯಾವ ಕಾಲದಲ್ಲೋ ನಿಂತುಹೋದ ಮಕ್ಕಳ ವಾರಪತ್ರಿಕೆಯೊಂದರ ಚಿತ್ರಕತೆಯ ನಾಯಕ, ಹವಾಲ್ದಾರ್ ಮುಂಗುಸಿ. ದಪ್ಪ ಹೊಟ್ಟೆ, ಗಿರಿಜಾ ಮೀಸೆ, ತಲೆಯ ಮೇಲೆ ಪೊಲೀಸ್ ಟೊಪ್ಪಿ. ಹೊರನಾಡು ರಸ್ತೆಯ ಎಸ್ಟೇಟಿನ ಸಾಹುಕಾರ ರುದ್ರಪ್ಪನವರಿಗೆ ಅರವತ್ತು ದಾಟಿದ ಮೇಲೆ ಈ ಮುಂಗುಸಿಯ ಹಂಬಲ ಹತ್ತಿತ್ತು. ಬಂಗಲೆಯ ಗಾಜಿನ ಬೀರುವಿನಲ್ಲಿ ಹಳೇ ಕಾರ್ಟೂನುಗಳ ಬಟ್ಟೆಗೊಂಬೆಗಳನ್ನು ಎಲ್ಲೆಲ್ಲಿಂದಲೋ ತರಿಸಿ ಕೂರಿಸಿದ್ದರು. ಕೂಲಿಯವರ ಲೈನ್ ಮನೆಗಳ ಹೆಂಚು ಸೋರುವುದನ್ನು ನೋಡಲು ಎರಡು ವರ್ಷದಿಂದ ಪುರುಸೊತ್ತಾಗದ ಅವರು ಗೊಂಬೆಗಳ ಧೂಳನ್ನು ಮಾತ್ರ ದಿನವೂ ತಮ್ಮ ಕೈಯಾರೆ ಬ್ರಷ್ಷಿನಿಂದ ಗುಡಿಸುತ್ತಿದ್ದರು.

"ಹತ್ತು ಮಾಡ್ಬೇಕು ತಯ್ಯಬ್," ಎಂದು ಅವರು ಚಿತ್ರದ ಜೆರಾಕ್ಸ್ ಕೊಟ್ಟು ಹೇಳಿದ್ದರು. "ಮೊದಲನೇದು ಬುಧವಾರ ನಾಲ್ಕು ಗಂಟೆಗೆ ತಗೊಂಡು ಬಾ. ಗೊಂಬೆ ಕೂಡಿಡೋ ನನ್ನ ಸ್ನೇಹಿತರು ಬರ್ತಾರೆ. ಆದ್ರೆ ಹನ್ನೊಂದನೇದು ಈ ಲೋಕದಲ್ಲಿ ಎಲ್ಲೂ ಇರ್ಬಾರ್ದು. ಇದೆ ಅಂತ ಗೊತ್ತಾದ್ರೆ ಆರ್ಡರ್ ಕ್ಯಾನ್ಸಲ್."

"ಇರಲ್ಲ ಸಾವ್ಕಾರ್ರೆ."

"ಮತ್ತೆ ಪ್ರತಿಯೊಂದರ ಪಾದದ ಅಡೀಲಿ ಮಾಡಿದವನ ಹೆಸರಿನ ಲೇಬಲ್ ಬೇಕು."

ತಯ್ಯಬ್ ಬಿದ್ದದ್ದು ಈ ಮಾತಿಗೆ. ಇಪ್ಪತ್ತೈದು ವರ್ಷದಿಂದ ಅವನು ಸೀರೆಗೆ ಫಾಲ್ಸ್, ಜೀಪಿಗೆ ಸೀಟು, ಸ್ಕೂಲು ಮಕ್ಕಳಿಗೆ ಚಡ್ಡಿ ಹೊಲಿದಿದ್ದ. ಅವನ ಹೆಸರು ಎಲ್ಲಿಯೂ ಇರಲಿಲ್ಲ. ಅಂಗಡಿಯ ಬೋರ್ಡಿನಲ್ಲೂ ನೂಲಿನ ಕಂಪನಿಯ ಹೆಸರೇ ದೊಡ್ಡದಾಗಿ ಉಳಿದು ಇವನದ್ದನ್ನು ತುಕ್ಕು ತಿಂದಿತ್ತು. ಹಾಗಾಗಿ ಮುಂಗುಸಿಗೆ ಕಾಲು ಬರುವ ಮೊದಲೇ ಪಾದದ ಲೇಬಲ್ ತಯಾರಾಗಿತ್ತು: ಕೆಂಪು ನೂಲಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ, 'ತಯ್ಯಬ್, ಕಳಸ'. ಚಿಕ್ಕಮಗಳೂರಿನಿಂದ ಮಖಮಲ್ಲು ತರಿಸಿ, ಬೂರುಗದ ಹತ್ತಿ ತುಂಬಿ, ಜೆರಾಕ್ಸಿನ ಒಂದೊಂದು ಗೆರೆಯನ್ನೂ ಅಳೆದು ಹೊಲಿದಿದ್ದ.

ಕಾಗದ ಹುಡುಕಿಕೊಂಡು ಅವನು ಮೊದಲು ಹೋದದ್ದು ಪಕ್ಕದ ಮಹಿಳಾ ಸಂಘದ ಹೊಲಿಗೆ ತರಗತಿಗೆ. ಅದನ್ನು ನಡೆಸುವ ರುಕ್ಮಿಣಮ್ಮನವರ ಮೇಜಿನ ಮೇಲೆ ನಾಲ್ಕು ಮುಂಗುಸಿಗಳು ಸಭೆ ಸೇರಿದಂತೆ ಕೂತಿದ್ದವು.

"ಬಾ ತಯ್ಯಬ್. ನಿನ್ನ ಹೆಗ್ಗಣದ ಕಟಿಂಗ್ ಬಹಳ ಚೆನ್ನಾಗಿದೆ. ಹುಡುಗೀರಿಗೆ ಅಂಚು ತಿರುಗ್ಸೋದು ಕಲಿಸೋಕೆ ಒಳ್ಳೇದಾಯ್ತು. ಬಾಲ ಮಾತ್ರ ತೆಗೆಸ್ದೆ. ಅಸಹ್ಯವಾಗಿತ್ತು."

"ಅಮ್ಮಾ, ಇದಕ್ಕೆ ಕುಂಕುಮ ಯಾಕೆ ಇಟ್ರಿ?"

"ಬರೀ ಹಣೆ ನೋಡೋಕಾಗ್ಲಿಲ್ಲಪ್ಪ."

"ಇದು ಹವಾಲ್ದಾರ್ ಅಮ್ಮಾ!"

"ಹವಾಲ್ದಾರ್‌ಗೆ ಹಣೆ ಇರಲ್ವಾ?"

ತಯ್ಯಬ್ ನಾಲ್ಕನ್ನೂ ಕೊಡಿ ಎಂದ. ಏಕೆಂದು ಹೇಳಲಿಲ್ಲ. ಲೇಬಲ್ಲಿನ ಸುದ್ದಿ ಬಾಯಿಬಿಟ್ಟರೆ ಸಂಜೆಯೊಳಗೆ ಸಂಘದ ಹನ್ನೆರಡು ಹೆಂಗಸರೂ ತಮ್ಮ ಹೆಸರನ್ನು ಸೇರಿಸಿ ಎಂದು ಬರುವುದು ಖಂಡಿತ. ಕಾರಣ ಹೇಳದ ಮನುಷ್ಯನಿಗೆ ಗರಜು ಜಾಸ್ತಿ ಎಂದು ರುಕ್ಮಿಣಮ್ಮ ತಕ್ಷಣ ಲೆಕ್ಕ ಹಾಕಿದರು. ಮುಂಗುಸಿಗೊಂದರಂತೆ ನಾಲ್ಕು ಬ್ಲೌಸು ಬಿಟ್ಟಿ ಹೊಲಿದುಕೊಡಬೇಕೆಂದು ತೀರ್ಮಾನವಾಯಿತು.

ಕಾಗದ ಅಲ್ಲಿರಲಿಲ್ಲ. ಗ್ಯಾರೇಜಿನ ಮುಜಮ್ಮಿಲ್‌ನ ಹೆಂಡತಿ ಬುಷ್ರಾ ಒಯ್ದಿದ್ದಳು. ಅಲ್ಲಿ ಇನ್ನೆರಡು ಮುಂಗುಸಿ ಸಿಕ್ಕವು. ಮಕ್ಕಳಿಗೆ ಚುಚ್ಚುತ್ತದೆಂದು ಮೀಸೆ ಕಿತ್ತು, ಒಂದಕ್ಕೆ ಗುಲಾಬಿ ಫ್ರಾಕು ತೊಡಿಸಿದ್ದಳು. "ಎಷ್ಟು ಮುದ್ದಾಗಿದೆ ಅಲ್ವಾ ಭಾಯ್?" ಎಂದಳು. ಫ್ರಾಕು ಹಾಕಿದ ಹವಾಲ್ದಾರ ತಯ್ಯಬ್‌ನನ್ನು ನೋಡಿದ ನೋಟ, ಸಸ್ಪೆಂಡಾದ ನೌಕರನದ್ದು. ಎರಡು ಬ್ಲೌಸು.

ಕಾಗದ ಅಲ್ಲಿಂದ ರಂಗಮ್ಮನ ಹೋಟೆಲಿಗೆ ಹೋಗಿತ್ತು. ಅಲ್ಲಿ ಮೂರಿದ್ದವು. ಆಕೆ ಅವುಗಳಿಂದ ಒಲೆಯ ಮೇಲಿನ ಚಾ ಪಾತ್ರೆ ಇಳಿಸುತ್ತಿದ್ದಳು.

"ಹೊಟ್ಟೆ ದಪ್ಪ ನೋಡು ಮಾರಾಯ, ಕೈ ಸುಡೋದೇ ಇಲ್ಲ. ಇಷ್ಟು ವರ್ಷದಲ್ಲಿ ಉಪಯೋಗಕ್ಕೆ ಬರೋ ವಸ್ತು ಇದೊಂದೇ ನೀನು ಮಾಡಿದ್ದು."

ಮೂರು ಬ್ಲೌಸು. ಮಸಿ ಹಿಡಿದ ಮೂವರು ಹವಾಲ್ದಾರರು ಗೋಣಿಚೀಲ ಸೇರಿದರು. ಒಟ್ಟು ಒಂಬತ್ತು. ಕಾಗದವನ್ನು ಮಾತ್ರ ಅಲ್ಲಿಂದಲೂ ಯಾರೋ ಒಯ್ದಾಗಿತ್ತು. ಇಷ್ಟರಲ್ಲಿ, ಟೈಲರ್ ತಯ್ಯಬ್‌ಗೆ ತಲೆ ಕೆಟ್ಟಿದೆ, ಹಳೇ ಗೊಂಬೆ ಕೊಟ್ಟರೆ ಹೊಸ ಬ್ಲೌಸು ಹೊಲಿದುಕೊಡುತ್ತಿದ್ದಾನೆ ಎಂಬ ಸುದ್ದಿ ಪೇಟೆಯಲ್ಲಿ ಅವನಿಗಿಂತ ಮುಂದೆ ಓಡುತ್ತಿತ್ತು. ಇಬ್ಬರು ಹೆಂಗಸರು ಮಕ್ಕಳ ಕೈಯಿಂದ ರಬ್ಬರ್ ಬೊಂಬೆ ಕಿತ್ತುಕೊಂಡು ಬಂದು ಅಂಗಡಿಯ ಮುಂದೆ ನಿಂತಿದ್ದರು.

ಮೂರೂವರೆಗೆ ಅವನು ಒಂದು ಕೈಯಲ್ಲಿ ತನ್ನ ಮುಂಗುಸಿ, ಇನ್ನೊಂದರಲ್ಲಿ ಚೀಲ ಹಿಡಿದು ಜೀಪ್ ಸ್ಟ್ಯಾಂಡಿಗೆ ಓಡಿದ. ಚೀಲ ಅಂಗಡಿಯಲ್ಲಿ ಬಿಟ್ಟರೆ ಯಾರಾದರೂ ಕೇಳದೆ ಒಯ್ದುಬಿಟ್ಟರೆ? ರೇವಣ್ಣನ ಜೀಪು ಹೊರಡಲು ಸಿದ್ಧವಾಗಿತ್ತು. ಹತ್ತಿ ಕೂತವನು ಎದುರಿನ ಕನ್ನಡಿ ನೋಡಿ ಹೌಹಾರಿದ. ಅಲ್ಲಿ ಹನ್ನೊಂದನೆಯದು ನೇತಾಡುತ್ತಿತ್ತು.

ಒಂದು ಕಣ್ಣಿಗೆ ಶರ್ಟಿನ ಬಿಳಿ ಗುಂಡಿ, ಇನ್ನೊಂದಕ್ಕೆ ಕೋಟಿನ ಕಂದು ಗುಂಡಿ. ಕಾಗದವನ್ನು ಮಗುಚಿ ಕತ್ತರಿಸಿದ್ದರಿಂದ ಟೊಪ್ಪಿ ಹಿಂದುಮುಂದಾಗಿತ್ತು. ಬಟ್ಟೆಯೋ, ತಯ್ಯಬ್ ತಾನೇ ಹೊಲಿದಿದ್ದ ಜೀಪಿನ ಹಳೇ ಸೀಟಿನದು. ಹೊಟ್ಟೆಯೊಳಗಿನ ಕಾಫಿ ಹೊಟ್ಟು ಎಂಜಿನ್ ಅದುರಿದಂತೆಲ್ಲ ಚರಕ್ ಚರಕ್ ಎನ್ನುತ್ತಿತ್ತು.

ಗಂಡ ರೇವಣ್ಣನಿಗೆ ತಿಂಡಿಯ ಬುತ್ತಿ ಕೊಡಲು ಬಂದಿದ್ದ ವಸಂತಮ್ಮ ಕಿಟಕಿಯಲ್ಲಿ ಬಗ್ಗಿ, "ನಾನೇ ಹೊಲಿದಿದ್ದು ತಯ್ಯಬಣ್ಣ. ಹೇಗಿದೆ ಹೇಳು," ಎಂದಳು.

ಬೆಳಗ್ಗಿನಿಂದ ಹಲ್ಲು ಕಚ್ಚಿದ್ದವನು ಇಲ್ಲಿ ಬಾಯಿಬಿಟ್ಟ. "ಇದು ಮುಂಗುಸಿಯಾ? ಜ್ವರ ಬಂದ ಹೆಗ್ಗಣದ ಹಾಗಿದೆ! ಹೊಲಿಯೋಕೆ ಬರ್ದೇ ಇರೋರು ಸೂಜಿ ಮುಟ್ಬಾರ್ದು."

ಜೀಪಿನೊಳಗಿನ ಹದಿನಾಲ್ಕು ಜನವೂ ನಕ್ಕರು. ವಸಂತಮ್ಮನ ಮುಖ ಚಿಕ್ಕದಾಯಿತು. ರೇವಣ್ಣ ಗೇರ್ ಹಾಕುತ್ತ, "ಹೆಗ್ಗಣನೋ ಹವಾಲ್ದಾರ್ರೋ, ನಾನು ಬಿಚ್ಚಲ್ಲ. ಜೀಪಿಗೆ ದೃಷ್ಟಿ ಆಗ್ಬಾರ್ದು ಅಂತ ಕಟ್ಟಿದ್ದು. ಇಂಥ ಮುಖ ನೋಡಿದ್ಮೇಲೆ ಯಾರ ಕಣ್ಣು ಬೀಳುತ್ತೆ?" ಎಂದ. ಬ್ಲೌಸಿನ ಆಸೆ ತೋರಿಸಿದರೆ, "ನಾನು ಬ್ಲೌಸ್ ಹಾಕಲ್ಲ," ಎಂದ.

ಹಾಗಾದರೆ ಗೇಟಿನ ಹೊರಗೇ ಇಳಿಸು ಎಂದು ತಯ್ಯಬ್ ಅಂಗಲಾಚಿದ. ರೇವಣ್ಣ ಉಪಕಾರಿ ಮನುಷ್ಯ. ಚೀಲ ಹೊತ್ತವನನ್ನು ನಡೆಸುವುದುಂಟೇ ಎಂದು ನೇರ ಬಂಗಲೆಯ ಪೋರ್ಟಿಕೋಗೇ ನುಗ್ಗಿಸಿದ.

ರುದ್ರಪ್ಪನವರು ಮೂವರು ಸ್ನೇಹಿತರೊಡನೆ ಬೆತ್ತದ ಕುರ್ಚಿಗಳಲ್ಲಿ ಕೂತಿದ್ದರು. ಒಬ್ಬರ ಕೈಯಲ್ಲಿ ಭೂತಗನ್ನಡಿಯಿತ್ತು. ತಯ್ಯಬ್‌ನ ಮುಂಗುಸಿಯನ್ನು ಅವರು ಕಾಯಿಲೆಯ ಕೂಸಿನಂತೆ ಮಗುಚಿ ಮಗುಚಿ ನೋಡಿದರು.

"ಹೊಲಿಗೆ ಬಹಳ ಅಚ್ಚುಕಟ್ಟು," ಎಂದರು ರುದ್ರಪ್ಪನವರು. ಧ್ವನಿಯಲ್ಲಿ ಏನೋ ಕಡಿಮೆಯಿತ್ತು. ಆಮೇಲೆ ಅವರ ಕಣ್ಣು ಜೀಪಿನ ಕನ್ನಡಿಯತ್ತ ಹೋಯಿತು. ಚಪ್ಪಲಿ ಮರೆತು ಬರಿಗಾಲಲ್ಲಿ ಇಳಿದುಬಂದರು. ತಯ್ಯಬ್ ಕಣ್ಣು ಮುಚ್ಚಿಕೊಂಡ.

"ಹವಾಲ್ದಾರ್!" ಎಂದರು ರುದ್ರಪ್ಪನವರು. ಕಣ್ಣಲ್ಲಿ ನೀರಿತ್ತು. "ನೋಡ್ರೀ, ಹೀಗೇ ಇದ್ದದ್ದು! ಪತ್ರಿಕೇಲಿ ಬಣ್ಣ ಸರಿಯಾಗಿ ಅಚ್ಚಾಗ್ತಿರ್ಲಿಲ್ಲ. ಒಂದು ಕಣ್ಣು ಬಿಳಿ, ಒಂದು ಕಂದು. ಟೊಪ್ಪಿ ಹಿಂದಕ್ಕೆ ಜಾರಿದ ಹಾಗೆ. ಜೆರಾಕ್ಸಲ್ಲಿ ಇದೆಲ್ಲ ಎಲ್ಲಿ ಬರುತ್ತೆ? ಯಾರು ಮಾಡಿದ್ದು?"

"ನನ್ನ ಹೆಂಡ್ತಿ, ವಸಂತಮ್ಮ," ಎಂದ ರೇವಣ್ಣ.

"ಇಂಥದ್ದು ಇನ್ನೆಲ್ಲಾದ್ರೂ ಇದೆಯಾ?"

"ಊರು ತುಂಬ ಇತ್ತು ಸಾವ್ಕಾರ್ರೆ. ನಮ್ಮ ತಯ್ಯಬಣ್ಣ ಪಾಪ, ಬೆಳಗ್ಗಿಂದ ಮನೆ ಮನೆ ತಿರುಗಿ ಒಂದೂ ಬಿಡ್ದೆ ಚೀಲಕ್ಕೆ ತುಂಬಿದ್ದಾನೆ. ಈಗ ಲೋಕದಲ್ಲಿ ಇದೊಂದೇ ಉಳಿದಿರೋದು."

ಭೂತಗನ್ನಡಿಯವರು ಚೀಲದೊಳಗೆ ಇಣುಕಿ, "ಇವೆಲ್ಲ ನಕಲು," ಎಂದರು. ತಯ್ಯಬ್‌ನದ್ದನ್ನೂ ಅದಕ್ಕೇ ಹಾಕಿದರು. "ಇದು ಮಾತ್ರ ಸ್ವಲ್ಪ ನಾಜೂಕಾದ ನಕಲು."

ರುದ್ರಪ್ಪನವರು ತಯ್ಯಬ್‌ನ ಬೆನ್ನು ತಟ್ಟಿದರು. "ಮಾತಿನಂತೆ ಹನ್ನೊಂದನೇದು ಎಲ್ಲೂ ಉಳಿಸಲಿಲ್ಲ ನೀನು. ನಿಯತ್ತಿನ ಮನುಷ್ಯ. ಹತ್ತೂ ಆಯಮ್ಮನೇ ಮಾಡ್ಲಿ. ಅಕ್ಷರ ಹೊಲಿಯೋ ಕೈ ನಿಂದು ಚೆನ್ನಾಗಿದೆ, ಲೇಬಲ್ ನೀನೇ ಹಾಕಿಕೊಡು. 'ವಸಂತಮ್ಮ, ಕಳಸ' ಅಂತ."

ಸಂಜೆ ಐದೂವರೆಗೆ ತಯ್ಯಬ್‌ನ ಮೇಜಿನ ಮೇಲೆ ಒಂಬತ್ತು ಬ್ಲೌಸ್ ಪೀಸುಗಳು ಅಳತೆ ಬ್ಲೌಸಿನ ಸಮೇತ ಬಂದು ಬಿದ್ದಿದ್ದವು. ಅವುಗಳನ್ನು ಪಕ್ಕಕ್ಕೆ ಸರಿಸಿ, ಕೆಂಪು ನೂಲು ಪೋಣಿಸಿ, ಅವನು ಮೊದಲ ಲೇಬಲ್ ಮುಗಿಸುವ ಹೊತ್ತಿಗೆ ವಸಂತಮ್ಮ ಬಂದಳು. ಮುಂಗುಸಿಯ ಕಾಗದವನ್ನು ಮೊಳೆಗೆ ಸಿಕ್ಕಿಸಿದಳು. ಅದರ ಮೇಲೆ ಮಜ್ಜಿಗೆ ಕಲೆಯಿತ್ತು. ಲೇಬಲ್ಲನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯವರಿಗಿಂತ ಹೆಚ್ಚು ಹೊತ್ತು ನೋಡಿದಳು.

"ಅಕ್ಷರ ಇಷ್ಟು ನೆಟ್ಟಗಿದ್ರೆ ನನ್ನ ಗೊಂಬೆಗೆ ಹೊಂದಲ್ಲ ತಯ್ಯಬಣ್ಣ," ಎಂದಳು. "ಬಿಚ್ಚಿ ಇನ್ನೊಂದ್ಸಲ ಹೊಲಿ. ಸ್ವಲ್ಪ ಜ್ವರ ಬಂದ ಹಾಗೆ ಇರ್ಲಿ."